ಅಕ್ಕನ ಬಾಯಲ್ಲಿ ಉಳಿದ ಮಾತು

ನಮ್ಮಿಬ್ಬರಲ್ಲಿ ಬಾಯಿ ಜೋರಿದ್ದವಳು ನಾನು. ಅಕ್ಕ ಮೊಳಕಾಲ್ಮೂರಿನಲ್ಲೇ ಹುಟ್ಟಿ, ಅಲ್ಲೇ ಎರಡು ಬೀದಿ ಆಚೆಗೆ ಮದುವೆಯಾಗಿ ಹೋದವಳು. ಭಾವ ಮಗ್ಗಕ್ಕೆ ಇಳಿದರೆ ಅಕ್ಕ ಬಾಗಿಲ ಬೆಳಕಿಗೆ ರಾಟೆ ಹಾಕಿಕೊಂಡು, ಲಾಳಿಯೊಳಗೆ ಕೂರಿಸುವ ಕಂಡಿಕೆಗೆ ರೇಷ್ಮೆ ಸುತ್ತುತ್ತಿದ್ದಳು. ಎಳೆ ಕಡಿದರೆ ತುದಿ ಹುಡುಕಿ ಗಂಟು ಹಾಕಿ ಮತ್ತೆ ತಿರುಗಿಸುತ್ತಿದ್ದಳು. ಮುಖದಲ್ಲಿ ಒಂದು ಗೆರೆ ಕೂಡ ಅಲುಗುತ್ತಿರಲಿಲ್ಲ.

ನಮ್ಮವ್ವ ಹಾಗಲ್ಲ. ನಮ್ಮದು ಮನೆಯೊಳಗೆ ತೆಲುಗು, ಹೊಸ್ತಿಲು ದಾಟಿದರೆ ಕನ್ನಡ. ಆದರೆ ಅವ್ವ ಬೈಯುವುದು ಮಾತ್ರ ಒಳಗೆ ಕೂತೂ ಕನ್ನಡದಲ್ಲೇ. ಬೀದಿಯವರಿಗೂ ಕೇಳಲಿ ಅಂತಿತ್ತೋ ಏನೋ. ‘ನಿನ್ ಮನೆ ಹಾಳಾಗ’ ಅಂತ ಕಡಿದ ಎಳೆಗೆ, ಹಾಲಿಗೆ ಬಾಯಿಟ್ಟ ಬೆಕ್ಕಿಗೆ, ಹೇಳಿದ ಕೆಲಸ ಮಾಡದ ನನಗೆ. ಆ ಮಾತು ಅವ್ವನಿಂದ ನನಗೆ ಬಂತು. ನಾನು ಮದುವೆಯಾಗಿ ಚಳ್ಳಕೆರೆಗೆ ಬಂದು, ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಹಾಕಿಕೊಂಡು ರವಿಕೆ ಹೊಲಿಯಲು ಶುರು ಮಾಡಿದ ಮೇಲೂ, ಸೂಜಿ ಮುರಿದರೆ ಬಾಯಿಗೆ ಅದೇ ಬರುತ್ತಿತ್ತು. ಅಕ್ಕನ ಬಾಯಲ್ಲಿ ಅದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

ಅಕ್ಕನಿಗೆ ಒಬ್ಬಳೇ ಮಗಳು. ಅವಳನ್ನೂ ಚಳ್ಳಕೆರೆಗೇ ಕೊಟ್ಟಿದ್ದು, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ಆ ಮದುವೆಯಾದ ಮರುವರ್ಷ ಅಕ್ಕ ಬೀದಿಯ ಹೆಂಗಸರ ಜೊತೆ ಜಟಿಂಗ ರಾಮೇಶ್ವರಕ್ಕೆ ಹೋಗಿದ್ದಳು. ಬೆಟ್ಟ ಹತ್ತಿ ಇಳಿದು, ಬುತ್ತಿ ಬಿಚ್ಚಿ ಉಂಡು, ವಾಪಸ್ಸು ಬರುವಾಗ ಅಡ್ಡ ಬಂದ ಕುರಿಗಳನ್ನು ತಪ್ಪಿಸಲು ಹೋಗಿ ಆಟೋ ಮಗುಚಿತು. ಬೇರೆಯವರಿಗೆ ತರಚು ಗಾಯ. ಅಕ್ಕನ ತಲೆಯ ಎಡಭಾಗ ರಸ್ತೆ ಬದಿಯ ಕಲ್ಲಿಗೆ ಬಡಿಯಿತು. ರಕ್ತ ಕೂಡ ಬರಲಿಲ್ಲವಂತೆ. ಎದ್ದು ಕೂತು ಸೀರೆ ಸರಿಮಾಡಿಕೊಂಡಳಂತೆ. ಊರು ಮುಟ್ಟುವಷ್ಟರಲ್ಲಿ ವಾಂತಿ, ಆಮೇಲೆ ಎಚ್ಚರ ತಪ್ಪಿತು.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ತಲೆಯೊಳಗೆ ರಕ್ತ ಹೆಪ್ಪುಗಟ್ಟಿದೆ ಅಂದರು. ಆಪರೇಷನ್ ಆಯಿತು. ಜೀವ ಉಳಿಯಿತು. ಬಲಗೈ ಬಲಗಾಲಿನ ಶಕ್ತಿ ಅರ್ಧ ಹೋಯಿತು. ಮಾತು ಪೂರ್ತಿ ಹೋಯಿತು, ತೆಲುಗೂ ಕನ್ನಡವೂ ಒಟ್ಟಿಗೆ.

ದುರ್ಗಕ್ಕೆ ಮೇಲಿಂದ ಮೇಲೆ ಹೋಗಬೇಕಿತ್ತು. ಮೊಳಕಾಲ್ಮೂರಿನಿಂದ ಅಷ್ಟು ದೂರ ಬಸ್ಸಿನಲ್ಲಿ ಓಡಾಡಿಸುವುದು ಕಷ್ಟ ಅಂತ ನಾನೇ ಭಾವನಿಗೆ ಹೇಳಿದೆ: “ನೀವು ಮಗ್ಗ ನಿಲ್ಲಿಸಬ್ಯಾಡ್ರಿ ಭಾವ. ಅಕ್ಕ ನಮ್ಮನೇಲಿರ್ಲಿ. ನಾ ನೋಡ್ಕಂತೀನಿ.” ಎಲ್ಲರೂ ನನ್ನನ್ನು ಹೊಗಳಿದರು. ತಂಗಿ ಅಂದರೆ ಹೀಗಿರಬೇಕು ಅಂದರು. ಆ ಹೊಗಳಿಕೆ ನನಗೆ ಹಿಡಿಸಿತು ಅನ್ನುವುದನ್ನು ಮುಚ್ಚಿಡುವುದಿಲ್ಲ.

ತಿಂಗಳುಗಟ್ಟಲೆ ಅಕ್ಕ ಮೂಕಿಯಂತೆ ಇದ್ದಳು. ಒಂದು ಮಧ್ಯಾಹ್ನ ಅನ್ನ ಸಾರು ಕಲಸಿ ಅವಳ ಮುಂದೆ ಇಟ್ಟೆ. ಅವಳು ತಟ್ಟೆ ನೋಡಿದಳು, ನನ್ನ ಬರಿಗೈ ನೋಡಿದಳು. ತುಟಿ ಅಲುಗಿತು. ಎಡಗೈಯಿಂದ ನನ್ನ ಮಂಡಿ ಮುಟ್ಟಿ, ‘ನೀನೂ ಉಣ್ಣು’ ಅನ್ನುವ ದನಿಯಲ್ಲಿ, ತಣ್ಣಗೆ, ಪ್ರೀತಿಯಿಂದ ಅಂದಳು:

“ನಿನ್ ಮನೆ ಹಾಳಾಗ.”

ನನಗೆ ಮೊದಲು ನಗು ಬಂತು, ಆಮೇಲೆ ಅಳು. ಭಾವನಿಗೆ ಫೋನ್ ಮಾಡಿ, “ಅಕ್ಕ ಮಾತಾಡಿದ್ಲು ಭಾವ!” ಅಂತ ಕೂಗಿದೆ.

“ಏನಂದ್ಲು?”

ನಾನು ಬಾಯಿ ತೆರೆದೆ. ಹೇಳಲಾಗಲಿಲ್ಲ. “ಉಣ್ಣು ಅಂದ್ಲು” ಅಂದೆ. ಅವಳು ಹೇಳಬೇಕೆಂದಿದ್ದೂ ಅದೇ ಅಲ್ಲವೇ ಅಂತ ಸಮಾಧಾನ ಮಾಡಿಕೊಂಡೆ. ಅಕ್ಕನ ಮಾತನ್ನು ನಾನು ಆಡಲು ಶುರು ಮಾಡಿದ್ದು ಅವತ್ತೇ ಇರಬೇಕು.

ಅಲ್ಲಿಂದಾಚೆಗೆ ಅವಳ ಬಾಯಿಂದ ಬಂದದ್ದೆಲ್ಲ ಆ ಒಂದು ಮಾತೇ. ನೀರು ಬೇಕಾದರೂ ಅದು, ಸಾಕಾದರೂ ಅದು. ಮಗಳು ಬಾಗಿಲಲ್ಲಿ ಕಂಡರೆ ಮುಖ ಅರಳಿಸಿ ಅದೇ. ತಾನು ಅಂದುಕೊಂಡದ್ದು ಒಂದು, ಬಂದದ್ದು ಇನ್ನೊಂದು ಅಂತ ಅವಳಿಗೆ ಗೊತ್ತಾಗುತ್ತಿತ್ತು. ಅಂದ ಕೂಡಲೇ ಕಣ್ಣು ಮುಚ್ಚಿ ತಲೆ ಕೊಡವುತ್ತಿದ್ದಳು. ಮತ್ತೆ ಪ್ರಯತ್ನಪಟ್ಟು ಬಾಯಿ ತೆರೆದರೆ ಮತ್ತೆ ಅದೇ.

ದುರ್ಗದಲ್ಲಿ ಮಾತಿನ ಚಿಕಿತ್ಸೆ ಕೊಡುವ ಹುಡುಗಿಯೊಬ್ಬಳಿದ್ದಳು. ಅವಳು ಅಕ್ಕನ ಮುಂದೆ ಚಿತ್ರಗಳನ್ನಿಟ್ಟು ಬಾಚಣಿಗೆ ಎಲ್ಲಿ, ಚೊಂಬು ಎಲ್ಲಿ ಅಂತ ಕೇಳಿದಳು. ಅಕ್ಕ ಎಲ್ಲವನ್ನೂ ಸರಿಯಾಗಿ ಮುಟ್ಟಿ ತೋರಿಸಿದಳು. ಆಗ ಆ ಹುಡುಗಿ ನನ್ನ ಕಡೆ ಅಲ್ಲ, ಅಕ್ಕನ ಕಡೆ ತಿರುಗಿ ಹೇಳಿದಳು: “ನಿಮ್ಮ ಬುದ್ಧಿಗೆ ಏನೂ ಆಗಿಲ್ಲಮ್ಮ. ಮಾತು ಜೋಡಿಸೋ ಜಾಗಕ್ಕೆ ಪೆಟ್ಟಾಗಿದೆ. ಮಾತೆಲ್ಲ ಒಳಗಿವೆ, ದಾರಿ ಸಿಗ್ತಿಲ್ಲ ಅಷ್ಟೆ. ಬೈಗುಳ, ದೇವರ ಹೆಸರು, ಒಂದು ಎರಡು ಎಣಿಸೋದು, ಇವು ಬೇರೆ ದಾರೀಲಿ ಬರ್ತವೆ. ಅದಕ್ಕೇ ಅದು ಸಲೀಸಾಗಿ ಬರುತ್ತೆ. ನೀವು ಬೈತಾ ಇಲ್ಲ, ನಮಗೆ ಗೊತ್ತು.”

ಅಕ್ಕನ ಕಣ್ಣಿಂದ ನೀರು ಹರಿಯಿತು. ಆ ಹುಡುಗಿ ಅವಳ ಎಡಗೈಯನ್ನು ಹಿಡಿದುಕೊಂಡಳು.

ಆಮೇಲೆ ನನಗೆ ಹೇಳಿದಳು. ಸಣ್ಣ ಪ್ರಶ್ನೆ ಕೇಳಿ. ಹೂಂ, ಊಹೂಂ ಅಂತ ತಲೆಯಲ್ಲೇ ಹೇಳೋ ಹಂಗಿರಲಿ. ಸುತ್ತಿ ಬಳಸಿ ಕೇಳಬೇಡಿ. ಕೇಳಿದ ಮೇಲೆ ಕಾಯಿರಿ. ಅವರ ಮಾತನ್ನ ನೀವು ಮುಗಿಸಬೇಡಿ. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ, ಅಕ್ಕನ ಪಕ್ಕ ಕೂರಲು ಬಂದ ಹೆಂಗಸಿಗೆ, ಅಕ್ಕ ಬಾಯಿ ತೆರೆಯುವ ಮುಂಚೆಯೇ, “ಅವ್ಳಿಗೇನೂ ಗೊತ್ತಾಗಲ್ಲ ಕಣ್ರಿ, ಏನಾದ್ರು ಅಂದ್ರೆ ಬೇಜಾರು ಮಾಡ್ಕಬ್ಯಾಡ್ರಿ” ಅಂದುಬಿಟ್ಟೆ. ಅಕ್ಕ ಚಳ್ಳಕೆರೆ ಬರುವವರೆಗೂ ಕಿಟಕಿಯಾಚೆ ನೋಡುತ್ತಾ ಇದ್ದಳು.

ನಮ್ಮ ಮನೆಯಲ್ಲಿ ಅವಳ ಕುರ್ಚಿ ಮೊದಲು ಮುಂದಿನ ಕೋಣೆಯಲ್ಲೇ, ಮಿಷನ್ ಪಕ್ಕದಲ್ಲಿತ್ತು. ಬೀದಿಯಲ್ಲಿ ಹೋಗಿ ಬರುವವರನ್ನು ನೋಡುವುದು ಅವಳಿಗೆ ಇಷ್ಟ. ಒಂದು ದಿನ ಮದುವೆ ರವಿಕೆ ಕೊಡಲು ಬಂದ ತಾಯಿ ಮಗಳನ್ನು ನೋಡಿ ಅಕ್ಕ ನಕ್ಕು ಆ ಮಾತು ಅಂದಳು. ನಾನು ಎಷ್ಟು ವಿವರಿಸಿದರೂ ಆ ತಾಯಿ ಬಟ್ಟೆ ಮಡಚಿಕೊಂಡು ಹೊರಟೇಹೋದಳು. ಅವತ್ತು ಸಾಯಂಕಾಲ ಕುರ್ಚಿಯನ್ನು ಅಡುಗೆಮನೆಗೆ ಒಯ್ದೆ. “ಇಲ್ಲಿ ಗಾಳಿ ಚೆನ್ನಾಗಿ ಬರ್ತೈತಕ್ಕ” ಅಂದೆ. ಆ ಅಡುಗೆಮನೆಗೆ ಇರುವುದು ಅಂಗೈಯಗಲದ ಒಂದು ಕಿಟಕಿ. ಅಕ್ಕ ಕುರ್ಚಿಯನ್ನೂ ನೋಡಿದಳು, ಕಿಟಕಿಯನ್ನೂ ನೋಡಿದಳು. ಹೋಗಿ ಕೂತಳು.

ಅವಳ ಮಗಳಿಗೆ ಏಳು ತಿಂಗಳು ತುಂಬಿದಾಗ ಗಂಡನ ಮನೆಯವರು ಸೀಮಂತ ಇಟ್ಟುಕೊಂಡರು. ತವರಿನವರು ಬಳೆ, ಹೂವು, ಸೀರೆ ಒಯ್ದು ಮಡಿಲು ತುಂಬಿ, ಅವತ್ತೇ ಬಸುರಿಯನ್ನು ಕರೆದುಕೊಂಡು ಬರಬೇಕು. ಭಾವ ಮಗಳಿಗಾಗಿಯೇ ಒಂದು ಸೀರೆ ನೇಯ್ದಿದ್ದರು.

ನನ್ನ ತಲೆಯಲ್ಲಿ ಇದ್ದದ್ದು ಒಂದೇ ಚಿಂತೆ. ತುಂಬಿದ ಬಸುರಿಯ ಹೊಟ್ಟೆ ಮುಟ್ಟಿ, ಅಷ್ಟು ಜನ ಮುತ್ತೈದೆಯರ ನಡುವೆ, ಹೆತ್ತ ತಾಯಿಯೇ ‘ನಿನ್ ಮನೆ ಹಾಳಾಗ’ ಅಂದರೆ? ಬೀಗಿತ್ತಿ ಆಸ್ಪತ್ರೆಗೆ ನೋಡಲು ಬಂದಿದ್ದಾಗ ಅಕ್ಕನಿಗೆ ಇನ್ನೂ ದನಿಯೇ ಹುಟ್ಟಿರಲಿಲ್ಲ. ಆಮೇಲೆ ಅವರು ನಮ್ಮ ಮನೆಗೆ ಬರುತ್ತೇನೆಂದಾಗಲೆಲ್ಲ ನಾನು ಅಕ್ಕ ಮಲಗಿದಾಳೆ, ಸುಸ್ತಾಗಿದಾಳೆ ಅಂತ ತಪ್ಪಿಸುತ್ತಿದ್ದೆ. ಅತ್ತೆಯ ಮುಂದೆ ಬಾಯಿ ಬಿಡಬೇಡ ಅಂತ ಮಗಳಿಗೂ ಹೇಳಿದ್ದೆ. ಅವರಿಗೆ ಈ ಮಾತಿನ ಸುದ್ದಿಯೇ ಗೊತ್ತಿರಲಿಲ್ಲ.

ಮಗಳು ನನ್ನ ಮನಸ್ಸಿನಲ್ಲಿದ್ದದ್ದನ್ನು ಊಹಿಸಿದ್ದಳು. ಹಿಂದಿನ ವಾರವೇ ಬಂದು ಅಂದಳು, “ಚಿಕ್ಕವ್ವ, ಅವ್ವ ಬರ್ಲೇಬೇಕು. ನಮ್ಮತ್ತೆಗೆ ನಾ ಮೊದ್ಲೇ ಎಲ್ಲ ಹೇಳಿಡ್ತೀನಿ.”

“ನೀ ಏನೂ ಹೇಳಬ್ಯಾಡ. ಬಸುರಿ ನೀನು, ನಿಂಗ್ಯಾಕೆ ಈ ತಲೆಬಿಸಿ? ನಾ ಎಲ್ಲ ನೋಡ್ಕಂತೀನಿ.”

“ಅವ್ವನ್ನ ಕರ್ಕಂಡ್ ಬರ್ತೀಯ ತಾನೆ?”

“ಬರ್ತೀನಿ ಹೋಗೆ.”

ಇಷ್ಟೂ ಮಾತು ಅಡುಗೆಮನೆಯಲ್ಲಿ ಅಕ್ಕನ ಮುಂದೆಯೇ ಆಯಿತು.

ಸೀಮಂತದ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಕ್ಕ ಬಾಗಿಲ ಹತ್ತಿರ ನಿಂತಿದ್ದಳು. ಹಸಿರು ಸೀರೆ ಉಟ್ಟಿದ್ದಳು. ಒಂದೇ ಕೈಯಲ್ಲಿ ಹೇಗೆ ನೆರಿಗೆ ಹಿಡಿದಳೋ, ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಆಪರೇಷನ್ ಆದ ಮೇಲೆ ಗಿಡ್ಡಗೆ ಬೆಳೆದಿದ್ದ ಕೂದಲಿಗೆ ಹೂವು ನಿಲ್ಲದೆ, ಪಿನ್ನು ಚುಚ್ಚಿ ಸಿಕ್ಕಿಸಿಕೊಂಡಿದ್ದಳು. ಎಡಗೈಯಲ್ಲಿ ಮಗಳಿಗೆಂದು ತೆಗೆದಿಟ್ಟ ಹಸಿರು ಬಳೆಯ ಪೊಟ್ಟಣ ಇತ್ತು.

ಆ ನೆರಿಗೆಯನ್ನು ನಾನು ಸರಿಮಾಡಬಹುದಿತ್ತು. ಅಷ್ಟೇ ಮಾಡಬೇಕಾಗಿದ್ದದ್ದು.

“ನೀ ಬರೋದು ಬ್ಯಾಡಕ್ಕ,” ಅಂದೆ. “ಅಲ್ಲಿ ಜನ ಜಾಸ್ತಿ. ಗದ್ದಲಕ್ಕೆ ನಿಂಗೆ ತಲೆನೋವು ಬರ್ತೈತೆ. ಸಾಯಂಕಾಲ ಅವ್ಳನ್ನ ಇಲ್ಲಿಗೇ ಕರ್ಕಂಡ್ ಬರ್ತೀನಲ್ಲ, ಆವಾಗ ನೋಡೀಯಂತೆ. ಆಯ್ತಾ? ಆಯ್ತು ಬಿಡು.”

ಪ್ರಶ್ನೆಯೂ ನನ್ನದೇ, ಉತ್ತರವೂ ನನ್ನದೇ. ಅಕ್ಕ ನನ್ನ ಮುಖವನ್ನೇ ನೋಡುತ್ತಾ ನಿಂತಳು. ಅವಳ ಬಾಯಿ ಒಂದೆರಡು ಸಲ ತೆರೆದು ಮುಚ್ಚಿತು. ನಾನು ಪೊಟ್ಟಣಕ್ಕೆ ಕೈ ಹಾಕಿದೆ. ಅವಳು ಬಿಡಲಿಲ್ಲ, ನಾನು ಎಳೆದೆ, ಆಮೇಲೆ ಬಿಟ್ಟಳು.

“ನಿನ್ ಮನೆ ಹಾಳಾಗ,” ಅಂದಳು.

ಈ ಸಲ ಕಣ್ಣು ಮುಚ್ಚಲಿಲ್ಲ. ತಲೆ ಕೊಡವಲಿಲ್ಲ. ಒಳಗೆ ಹೋಗಿ ಅಡುಗೆಮನೆಯ ಕುರ್ಚಿಯಲ್ಲಿ ಕೂತಳು. ಪಕ್ಕದ ಮನೆಯ ಅಜ್ಜಿಗೆ ನೋಡಿಕೊಳ್ಳಲು ಹೇಳಿ ನಾನು ಹೊರಟೆ.

ಸೀಮಂತದ ಮನೆಯಲ್ಲಿ ಮಗಳ ಮೊದಲ ಪ್ರಶ್ನೆ, “ಅವ್ವ ಎಲ್ಲಿ?”

“ರಾತ್ರಿಯಿಂದ ವಾಂತಿ. ಏಳೋಕೇ ಆಗ್ಲಿಲ್ಲ ಅವ್ಳಿಗೆ.”

ಅವಳ ಮುಖ ಬಾಡಿತು. ಭಾವ ಮೊಳಕಾಲ್ಮೂರಿನಿಂದ ನೇರವಾಗಿ ಅಲ್ಲಿಗೇ ಬಂದಿದ್ದರು. ಅವರೂ ಗಾಬರಿಯಿಂದ, “ನಾ ಹೋಗಿ ನೋಡ್ಕಂಡ್ ಬರ್ಲಾ?” ಅಂದರು. “ಮಲಗ್ಯಾಳೆ ಭಾವ, ಎಬ್ಬಿಸಬ್ಯಾಡ್ರಿ” ಅಂದೆ. ಸುಳ್ಳಿನ ಮೇಲೆ ಸುಳ್ಳು ಎಷ್ಟು ಸಲೀಸಾಗಿ ಬಂತು ನನಗೆ. ನನ್ನ ನಾಲಿಗೆಗೆ ಯಾವ ಪೆಟ್ಟೂ ಬಿದ್ದಿರಲಿಲ್ಲವಲ್ಲ.

ಶಾಸ್ತ್ರ ಶುರುವಾಯಿತು. ತಾಯಿಯ ಸ್ಥಾನದಲ್ಲಿ ಯಾರು ಅಂದಾಗ ಎಲ್ಲರೂ ನನ್ನನ್ನು ಮುಂದೆ ಮಾಡಿದರು. ನಾನು ಬಳೆ ತೊಡಿಸಿದೆ, ಮಡಿಲು ತುಂಬಿದೆ, ಭಾವ ನೇಯ್ದ ಸೀರೆಯನ್ನು ಅವಳ ಹೆಗಲ ಮೇಲೆ ಹೊದಿಸಿದೆ. ಫೋಟೋ ತೆಗೆದರು. ನನಗೆ ಹೆಣ್ಣು ಮಕ್ಕಳಿಲ್ಲ. ಅಕ್ಷತೆ ಹಾಕುತ್ತಾ ನಿಂತಾಗ ಎದೆಯಲ್ಲಿ ಒಂದು ಸುಖ ಎದ್ದಿತು, ನಿಜವಾಗಿ ಇವಳು ನನ್ನ ಮಗಳೇ ಅನ್ನುವಂಥದ್ದು. ಬೇರೆ ಎಲ್ಲಕ್ಕೂ ಹೆದರಿಕೆಯ ನೆಪ ಹೇಳಿಕೊಳ್ಳಬಹುದು. ಆ ಸುಖಕ್ಕೆ ನನ್ನ ಬಳಿ ನೆಪ ಇಲ್ಲ.

ಊಟವಾದ ಮೇಲೆ ಬಾಡಿಗೆ ಕಾರಿನಲ್ಲಿ ಹೊರಟೆವು. ನಮ್ಮ ಮನೆಯಲ್ಲಿ ಅಕ್ಕನನ್ನೂ ಹತ್ತಿಸಿಕೊಂಡು ಮೊಳಕಾಲ್ಮೂರಿಗೆ ಹೋಗುವುದೆಂದು ಮಾತಾಗಿತ್ತು. ಬೀಗಿತ್ತಿ ತಾವೂ ಬರುತ್ತೇನೆ ಅಂದರು. “ಹುಷಾರಿಲ್ಲ ಅಂತೀರಿ, ನೋಡ್ದಂಗಿದ್ರೆ ಹೆಂಗೆ?” ನಾನು ಏನು ಹೇಳಿದರೂ ಕೇಳಲಿಲ್ಲ.

ಬಾಗಿಲು ತೆಗೆದರೆ ಅಕ್ಕ ಅದೇ ಸೀರೆಯಲ್ಲಿ, ಅದೇ ಹೂವಿನಲ್ಲಿ, ಅದೇ ಕುರ್ಚಿಯಲ್ಲಿ ಇದ್ದಳು. ಪಕ್ಕದ ಅಜ್ಜಿ, “ಒಂದಗಳೂ ಮುಟ್ಟಿಲ್ಲ ನೋಡವ್ವ, ಬೆಳಿಗ್ಗೆಯಿಂದ ಹಿಂಗೇ ಕುಂತಾಳೆ” ಅಂದಳು. ಮಗಳು ತಾಯಿಯ ಸೀರೆ ನೋಡಿದಳು, ಹೂವು ನೋಡಿದಳು, ತಿರುಗಿ ನನ್ನನ್ನು ನೋಡಿದಳು. ಹೋಗಿ ತಾಯಿಯ ಕಾಲ ಬಳಿ ಭಾರವಾಗಿ ಕೂತು, ಅವಳ ಎಡಗೈ ತೆಗೆದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು.

ಅಕ್ಕ ಹೊಟ್ಟೆ ಸವರಿದಳು. ಕೆನ್ನೆ ಸವರಿದಳು. ಬಳೆಗಳನ್ನು ಒಂದೊಂದಾಗಿ ಮುಟ್ಟಿದಳು. “ನಿನ್ ಮನೆ ಹಾಳಾಗ... ನಿನ್ ಮನೆ ಹಾಳಾಗ...” ಅನ್ನುತ್ತಿದ್ದಳು, ಹೆತ್ತವಳು ಮಾತ್ರ ಆಡಬಹುದಾದ ದನಿಯಲ್ಲಿ. ಮಗಳು ಅಳುತ್ತಾ, “ಹೂನವ್ವ, ಹೂನವ್ವ” ಅನ್ನುತ್ತಿದ್ದಳು.

ಬೀಗಿತ್ತಿ ಬಾಗಿಲಲ್ಲೇ ಬಿಳಿಚಿಕೊಂಡು ನಿಂತರು. “ಏನ್ರೀ ಇದು? ತುಂಬಿದ ಬಸುರಿಗೆ...”

“ಅತ್ತೆ, ಅವ್ವಂಗೆ ಬರೋದು ಅದೊಂದೇ ಮಾತು,” ಅಂದಳು ಮಗಳು, ಕೂತಲ್ಲಿಂದಲೇ. “ತಲೆಗೆ ಪೆಟ್ಟಾದ ಮ್ಯಾಲೆ ಬ್ಯಾರೆ ಮಾತೇ ಬರಲ್ಲ. ಚೆನ್ನಾಗಿರು ಅನ್ನೋಕೂ ಅದೇ ಬರ್ತೈತೆ.”

ಬೀಗಿತ್ತಿ ಬಹಳ ಹೊತ್ತು ಅಕ್ಕನನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. “ಇದನ್ನ ಮೊದ್ಲೇ ನಂಗೆ ಹೇಳೋಕೇನಾಗಿತ್ತು ನಿಮ್ಗೆ? ಹೇಳಿದ್ರೆ ತಿಳ್ಕಂತಿರ್ಲಿಲ್ವಾ ನಾವು?”

ಅವರೇನು ದೇವತೆಯಲ್ಲ. ಹೊರಡುವ ಮುಂಚೆ ನನ್ನ ಅಡುಗೆಮನೆಯಲ್ಲೇ ಉಪ್ಪು ಮೆಣಸಿನಕಾಯಿ ಕೇಳಿ ಪಡೆದು ಸೊಸೆಗೆ ದೃಷ್ಟಿ ತೆಗೆದೇ ಹೋದರು. ಆದರೆ ಹೋಗುವಾಗ ಅಕ್ಕನ ಹಣೆಗೆ ಕುಂಕುಮ ಇಟ್ಟು, “ಬಾಣಂತನ ನೀವೇ ಮಾಡ್ಬೇಕು ನೋಡ್ರಿ” ಅಂದರು. ಅಕ್ಕ ತಲೆಯಾಡಿಸಿದಳು.

ಅವರು ಹೋದ ಮೇಲೆ ಅಕ್ಕ ಎದ್ದು ತನ್ನ ಸೀರೆಗಳನ್ನು, ಮಾತ್ರೆ ಡಬ್ಬವನ್ನು, ಚಿತ್ರದ ಕಾರ್ಡುಗಳನ್ನು ಒಂದೇ ಕೈಯಲ್ಲಿ ಚೀಲಕ್ಕೆ ತುಂಬಿಕೊಂಡಳು. ಒಂದು ಬಾಚಣಿಗೆ ಕೂಡ ಬಿಡಲಿಲ್ಲ. ಮುಂದಿನ ವಾರ ದುರ್ಗಕ್ಕೆ ಹೋಗಬೇಕಲ್ಲಕ್ಕ ಅಂದೆ. ಅವಳು ಕಾರಿನ ಬಾಗಿಲು ತೆಗೆದು ಕೂತಳು. ಭಾವ ನನ್ನ ಮುಖ ನೋಡದೆ, “ಇನ್ನ ಮ್ಯಾಲೆ ನಾನೇ ಕರ್ಕಂಡ್ ಹೋಗ್ತೀನಿ ಬಿಡವ್ವ” ಅಂದರು. ಸಿಟ್ಟಿನ ಮಾತು ಅಲ್ಲ ಅದು. ಸಿಟ್ಟಿನಿಂದಲೇ ಅಂದಿದ್ದರೆ ಚೆನ್ನಾಗಿತ್ತು.

ಗಂಡು ಮಗು ಹುಟ್ಟಿತು. ತಾಯಿ ಮಗು ಚೆನ್ನಾಗಿದ್ದರು. ನಾನು ಭಾನುವಾರ ಭಾನುವಾರ ಮೊಳಕಾಲ್ಮೂರಿಗೆ ಹೋಗತೊಡಗಿದೆ. ಬಾಣಂತಿಗೆ ಸಹಾಯಕ್ಕೆ ಅಂತ ಹೇಳಿಕೊಂಡು ಹೋಗುತ್ತಿದ್ದೆ.

ಅಲ್ಲಿ ಅಕ್ಕ ಬೇರೆ ಹೆಂಗಸೇ ಆಗಿದ್ದಳು. ರಾಟೆಯನ್ನು ಎಡಗೈಗೆ ತಿರುಗಿಸಿ ಇಡಿಸಿಕೊಂಡಿದ್ದಳು. ಭಾವ ಎರಡು ಬಣ್ಣದ ಎಳೆ ಹಿಡಿದು, “ಇದಾ? ಇದಾ?” ಅಂತ ಕೇಳಿ, ಅವಳು ಬೆರಳು ಚಾಚುವವರೆಗೂ ಸುಮ್ಮನೆ ನಿಂತಿರುತ್ತಿದ್ದರು. ಮೊದಲು ಬಂದದ್ದು ತೆಲುಗಿನ ಒಂದೆರಡು ಮಾತು. ‘ರಾ’ ಅಂತ ಮೊಮ್ಮಗನನ್ನು ಕರೆಯುತ್ತಿದ್ದಳು. ಬೇಡ ಅನ್ನಲು ‘ವದ್ದು’ ಬಂತು. ಒಂದು ಭಾನುವಾರ ನಾನು ಟೀ ಮಾಡಿ ಕೊಟ್ಟರೆ ಲೋಟ ಆಚೆ ಸರಿಸಿ, “ವದ್ದು” ಅಂದಳು.

“ಆಸ್ಪತ್ರೆಯಿಂದ ಬಂದ ಮ್ಯಾಲೆ ಅವ್ಳು ಟೀ ಕುಡಿಯಲ್ಲಲ್ಲವ್ವ,” ಅಂದರು ಭಾವ. “ಅದ್ರ ವಾಸನೆನೇ ಆಗಲ್ಲ ಅವ್ಳಿಗೆ. ಹಾಲು ಕೊಡು.”

ನನ್ನ ಮನೆಯಲ್ಲಿ ಇದ್ದಷ್ಟು ದಿನ ಬೆಳಿಗ್ಗೆ ಸಂಜೆ ನಾನು ಅವಳಿಗೆ ಟೀ ಕೊಟ್ಟಿದ್ದೆ. ಅರ್ಧ ಕುಡಿದು ಅರ್ಧ ಬಿಡುತ್ತಿದ್ದಳು. ಹಸಿವಿಲ್ಲ ಅಂದುಕೊಂಡಿದ್ದೆ. ಒಮ್ಮೆಯಾದರೂ ಕೇಳಿರಲಿಲ್ಲ.

ಮಗು ಬೋರಲು ಬೀಳುವ ಹೊತ್ತಿಗೆ ಒಂದು ಮಧ್ಯಾಹ್ನ ನಾನೂ ಅಕ್ಕನೂ ಇಬ್ಬರೇ ಇದ್ದೆವು. ಮಗಳು ಮಗುವಿನ ಜೊತೆ ಒಳಗೆ ಮಲಗಿದ್ದಳು, ಭಾವ ಹೊರಗೆ ಹೋಗಿದ್ದರು. ನಾನು ಅವಳ ಎದುರಿಗೆ ಕೂತು ಅಂದೆ, “ಅಕ್ಕ, ಅವತ್ತು ನಾ ಮಾಡಿದ್ದು ತಪ್ಪು. ನಾ ನಿನ್ನ ಬಿಟ್ಟು ಹೋಗ್ಬಾರ್ದಿತ್ತು.”

ಅವಳು ರಾಟೆ ನಿಲ್ಲಿಸಿದಳು. ಬಾಯಿ ತೆರೆದಳು. ಕತ್ತಿನ ನರ ಬಿಗಿಯಿತು. ಏನೋ ಹೊರಡಲಿತ್ತು. ಆ ಮೌನ ನನಗೆ ತಡೆಯಲಿಕ್ಕಾಗಲಿಲ್ಲ. “ಆಯ್ತು ಬಿಡಕ್ಕ, ನಂಗೊತ್ತು, ನೀ ಮನಸಿನಾಗೆ ಇಟ್ಕಳ್ಳೋಳಲ್ಲ. ಯಾವಾಗ್ಲೋ ಮರ್ತಿದೀಯ ನೀನು.”

ಅಕ್ಕ ಅಂಗೈಯಿಂದ ನೆಲಕ್ಕೆ ಬಡಿದಳು. ತಲೆಯನ್ನು ಜೋರಾಗಿ ಅಡ್ಡಡ್ಡ ಆಡಿಸಿದಳು.

ನನಗೆ ನಾಚಿಕೆಯಾಯಿತು. ಕ್ಷಮೆ ಕೇಳಲು ಬಂದವಳು ಅದರ ಉತ್ತರವನ್ನೂ ನಾನೇ ಹೇಳಿಕೊಂಡಿದ್ದೆ. ದುರ್ಗದ ಆ ಹುಡುಗಿ ಹೇಳಿಕೊಟ್ಟಂತೆ ಕೇಳಲು ಅಷ್ಟು ದಿನದ ಮೇಲೆ ನನಗೆ ಧೈರ್ಯ ಬಂತು.

“ಸಿಟ್ಟು ಐತಾ?”

ಹೂಂ ಅಂತ ತಲೆಯಾಡಿಸಿದಳು.

“ಈಗಲೂನಾ?”

ಹೂಂ.

“ಹಂಗಾದ್ರೆ ನಾ ಬರೋದು ಬ್ಯಾಡ್ವಾ?”

ತಲೆ ಅಡ್ಡ ಆಡಿಸಿದಳು. ಬರಬೇಡ ಅಂತಲೋ, ಹಾಗಲ್ಲ ಅಂತಲೋ ನನಗೆ ತಿಳಿಯಲಿಲ್ಲ. ತಪ್ಪು ನನ್ನದೇ. ಪ್ರಶ್ನೆಯನ್ನೇ ತಿರುಚಿ ಕೇಳಿದ್ದೆ. ಸರಿಯಾಗಿ ಕೇಳಿದೆ, “ನಾ ಬರ್ಲಾ?”

ಕಾದೆ. ಒಳಗೆ ಮಗು ನಿದ್ದೆಗಣ್ಣಲ್ಲಿ ರಾಗ ತೆಗೆದು ಸುಮ್ಮನಾಯಿತು. ಅಕ್ಕ ನನ್ನನ್ನು ನೋಡುತ್ತಲೇ ಇದ್ದಳು. ನಾನು ಬಾಯಿ ಬಿಗಿ ಹಿಡಿದು ಕೂತೆ.

ಹೂಂ ಅಂತ ತಲೆಯಾಡಿಸಿದಳು. ಆಮೇಲೆ ಮುಖ ತಿರುಗಿಸಿ ರಾಟೆಗೆ ಕೈ ಹಾಕಿದಳು.

ಹಾಗಾಗಿ ಹೋಗುತ್ತೇನೆ. ಮಗಳು ತನ್ನ ಮನೆಗೆ ವಾಪಸ್ಸಾಗಿ ಎಷ್ಟೋ ದಿನವಾಯಿತು, ಈಗ ನನಗೆ ಯಾವ ನೆಪವೂ ಇಲ್ಲ. ಅಕ್ಕನಿಗೆ ಇನ್ನಷ್ಟು ಮಾತು ಬಂದಿವೆ. ನನ್ನ ಹೆಸರು ಮಾತ್ರ ಇನ್ನೂ ಬಂದಿಲ್ಲ, ಬರುತ್ತದೋ ಇಲ್ಲವೋ ಗೊತ್ತಿಲ್ಲ. ಕೆಲವು ದಿನ ನನ್ನ ಪಕ್ಕ ಒರಗಿ ಕೂರುತ್ತಾಳೆ. ಕೆಲವು ದಿನ ನಾನಿರುವವರೆಗೂ ಬೆನ್ನು ಹಾಕಿಯೇ ಇರುತ್ತಾಳೆ. ಸಿಟ್ಟು ಹೋಯಿತಾ ಅಂತ ಮತ್ತೆ ಕೇಳಿಲ್ಲ. ಕಳೆದ ಭಾನುವಾರ ನನ್ನನ್ನು ಬಾಗಿಲಲ್ಲಿ ನೋಡಿದವಳೇ ಎದ್ದು ಒಳಗೆ ಹೋದಳು. ಮುಖ ನೋಡುವುದು ಬೇಡವೆಂದು ಹೋದಳೋ, ಏನಾದರೂ ತರಲು ಹೋದಳೋ ಗೊತ್ತಾಗಲಿಲ್ಲ. ಕೂಗಿ ಕೇಳಲು ಬಾಯಿ ತೆರೆದವಳು ಸುಮ್ಮನಾದೆ. ಚಪ್ಪಲಿ ಬಿಟ್ಟು, ಕಟ್ಟೆಯ ಮೇಲೆ ಕೂತು ಕಾದೆ.